ನಮ್ಮ ಗ್ಯಾರೇಜು ಬೊಗಳಿದ್ದು

ಸೇಬುಗಳನ್ನು ಒಂದೊಂದಾಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದೆ. ಒಂದಕ್ಕೊಂದು ತಾಗಬಾರದು. ತಾಗಿದರೆ ಒಂದರ ಕೊಳೆ ಇನ್ನೊಂದಕ್ಕೆ ಹತ್ತಿ, ಕ್ರಿಸ್‌ಮಸ್ ಹೊತ್ತಿಗೆ ಪೆಟ್ಟಿಗೆಯಲ್ಲಿ ಕಂದು ಗೊಜ್ಜು ಮಾತ್ರ ಉಳಿದಿರುತ್ತದೆ. ಗ್ಯಾರೇಜಿನ ತಣ್ಣನೆಯ ಮೂಲೆಯಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು ಅರ್ಧ ಕೆಲಸ ಮುಗಿಸಿದ್ದೆ. ಅಷ್ಟರಲ್ಲಿ ನನ್ನ ಗಂಡ ಹೋಲ್ಗರ್ ಒಳಗೆ ಬಂದು, ನನ್ನ ಎದುರಿನ ಗೋಡೆಯನ್ನೇ ನೋಡುತ್ತ ನಿಂತ.

"ಇಲ್ಲಿದ್ದ ದೋಣಿ ಮೋಟಾರು ಎಲ್ಲಿ?"

"ಅಲ್ಲೇ ಇದೆಯಲ್ಲ," ಎಂದೆ ತಲೆ ಎತ್ತದೆ.

"ಇಲ್ಲ ಕಣೇ."

"ಸರಿಯಾಗಿ ನೋಡು."

"ಮೋಟಾರು ಕಣೇ ಅದು, ಸೂಜಿಯಲ್ಲ. ಇದ್ರೆ ಇದೆ, ಇಲ್ದಿದ್ರೆ ಇಲ್ಲ."

ತಲೆ ಎತ್ತಿದೆ. ಇರಲಿಲ್ಲ. ಮೋಟಾರು ತೂಗುಹಾಕುತ್ತಿದ್ದ ದೊಡ್ಡ ಕೊಕ್ಕೆ ಖಾಲಿಯಾಗಿತ್ತು. ಬೆಳಗಿನಿಂದ ಆ ಖಾಲಿ ಕೊಕ್ಕೆಗೆ ಮುಖ ಮಾಡಿಕೊಂಡೇ ನಾನು ಸೇಬು ಸುತ್ತುತ್ತಿದ್ದೆ. ಹಿಂದಿನ ದಿನವೂ ಅಲ್ಲೇ ಕೂತಿದ್ದೆ. ನಮ್ಮ ಬೀದಿಯಲ್ಲಿ ನನ್ನ ಕಣ್ಣು ತಪ್ಪಿಸಿ ಬೆಕ್ಕೂ ದಾಟುವುದಿಲ್ಲ ಎಂದು ಜನ ಹೇಳುತ್ತಾರೆ. ಹಾಗೆಂದು ಅವರಿಗೆ ಹೇಳಿಕೊಟ್ಟವಳು ನಾನೇ.

"ಕಳ್ಳ ಬಂದಿದ್ದಾನೆ," ಎಂದ ಹೋಲ್ಗರ್. ಆಮೇಲೆ ಬೋರಲು ಹಾಕಿದ ಇನ್ನೊಂದು ಬಕೆಟ್ಟಿನ ಮೇಲೆ ಕೂತು, ನಾನು ಯಾವ ಮಾತಿಗೆ ಹೆದರುತ್ತಿದ್ದೆನೋ ಆ ಮಾತನ್ನೇ ಆಡಿದ. "ಇನ್ನೊಂದು ಸಲ ಕಳ್ಳ ಬಂದ್ರೆ ಮುಗೀತು ನೋಡು. ಆ ಫ್ಲ್ಯಾಟಿಗೆ ಹೋಗಿಬಿಡೋದೇ."

ಆ ಫ್ಲ್ಯಾಟು ಓದೆನ್ಸೆ ನಗರದಲ್ಲಿತ್ತು. ನಾಲ್ಕನೆಯ ಮಹಡಿ, ಎರಡು ಕೋಣೆ. ವಯಸ್ಸಾದವರಿಗೆಂದೇ ಕಟ್ಟಿಸಿದ್ದು. ನಾವು ಬರುತ್ತೇವೋ ಇಲ್ಲವೋ ಎಂದು ವಸತಿ ಸಂಘದವರು ವಸಂತಕಾಲದಲ್ಲೇ ಕೇಳಿದ್ದರು. 'ಬರುವುದಿಲ್ಲ, ಧನ್ಯವಾದಗಳು' ಎಂದು ಅವತ್ತೇ ದುಂಡಗೆ ಬರೆದು ನನ್ನ ಸಹಿ ಹಾಕಿಟ್ಟಿದ್ದೆ. ಇಬ್ಬರ ಸಹಿಯೂ ಬೇಕಿತ್ತು. ಹೋಲ್ಗರ್ ಮಾತ್ರ "ನೋಡೋಣ, ನೋಡೋಣ" ಎನ್ನುತ್ತ ಬೇಸಿಗೆಯನ್ನೆಲ್ಲ ಕಳೆದ. ಪತ್ರ ಅಡುಗೆಮನೆಯ ಬ್ರೆಡ್ಡಿನ ಡಬ್ಬಿಯ ಹಿಂದೆ ನಿಂತಿತ್ತು. ಸಂಘದವರು ಮತ್ತೆ ನೆನಪಿಸಿದರು. ಬಹಳ ಮರ್ಯಾದಸ್ಥರು. ಮೂರನೆಯ ಸಲ ನೆನಪಿಸುವಾಗ ಮುಂಚಿತವಾಗಿಯೇ ಕ್ರಿಸ್‌ಮಸ್ ಶುಭಾಶಯವನ್ನೂ ಸೇರಿಸಿದ್ದರು.

"ಅಲ್ಲಿ ಲಿಫ್ಟ್ ಇದೆ, ಹಿಮ ಗುಡಿಸೋ ಕೆಲಸ ಇಲ್ಲ," ಎಂದ ಹೋಲ್ಗರ್. "ಗ್ಯಾರೇಜೇ ಇಲ್ಲ. ಗ್ಯಾರೇಜೇ ಇಲ್ದಿದ್ರೆ ಕಳ್ಳ ಎಲ್ಲಿಗೆ ಬರ್ತಾನೆ?"

ನನಗೆ ಗೊತ್ತಿದ್ದದ್ದು ಇಷ್ಟೇ: ನಮ್ಮ ಈ ಹಾವ್ರೆ ಬೀದಿ ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ. ಹೋಗದೆ ಇರಬೇಕಾದರೆ ಗ್ಯಾರೇಜಿಗೆ ಇನ್ನೊಂದು ಸಲ ಕಳ್ಳ ಬರಬಾರದು.

ಪೊಲೀಸಿಗೆ ಫೋನು ಮಾಡಿದೆ. ಸಿಗ್ನೆ ಎಂಬ ಹುಡುಗಿ ಬಂದಳು. ಸೊಂಟದಲ್ಲಿ ಪಿಸ್ತೂಲು, ಮುಖದಲ್ಲಿ ಇನ್ನೂ ಶಾಲೆಯ ಕಳೆ.

"ಬೀಗ ಒಡೆದಿದ್ದಾರಾ?"

"ಇಲ್ಲ."

"ಕಿಟಕಿ?"

"ಇಲ್ಲ."

"ಮತ್ತೆ ಕಳ್ಳ ಹೇಗೆ ಒಳಗೆ ಬಂದ?"

"ಬಾಗಿಲಿಂದ," ಎಂದ ಹೋಲ್ಗರ್. "ಎಲ್ಲರ ಹಾಗೆ."

"ಬಾಗಿಲಿಗೆ ಬೀಗ ಇರಲಿಲ್ವಾ?"

"ಬೀಗ ಇದೆಯಮ್ಮ. ಹಾಕೋದಿಲ್ಲ ಅಷ್ಟೇ."

ಸಿಗ್ನೆ ಪೆನ್ನನ್ನು ಸ್ವಲ್ಪ ಹೊತ್ತು ಗಾಳಿಯಲ್ಲಿ ಹಿಡಿದಿದ್ದು, ಆಮೇಲೆ ಏನೋ ಬರೆದುಕೊಂಡಳು. ಹೋಗುವಾಗ ನನ್ನ ಕೈಗೆ ಒಂದು ಕರಪತ್ರ ಕೊಟ್ಟಳು. ಮನೆಯ ಗ್ಯಾರೇಜನ್ನು ಕಡಿಮೆ ಖರ್ಚಿನಲ್ಲಿ ಕಾಯುವುದು ಹೇಗೆ ಎಂದು ಅದರಲ್ಲಿತ್ತು. ಆ ಹುಡುಗಿ ಮಾಡಿದ ತಪ್ಪು ಇದೊಂದೇ.

ನಾನು ಸರಿಯಾಗಿ ಓದಲು ಕಲಿತದ್ದು ಅರವತ್ತರ ಹತ್ತಿರಕ್ಕೆ ಬಂದ ಮೇಲೆ, ಸಂಜೆ ಶಾಲೆಯಲ್ಲಿ. ಚಿಕ್ಕಂದಿನಲ್ಲಿ ಓದಿದವರು ಅಚ್ಚಾದದ್ದನ್ನು ಅರ್ಧ ಓದಿ ಬಿಸಾಡುತ್ತಾರೆ. ಸಂಜೆ ಶಾಲೆಯವರು ಹಾಗಲ್ಲ. ಹಪ್ಪಳದ ಹಾಗೆ ತೆಳ್ಳಗಿರುವ ಕಾಗದವಾದರೂ ಸರಿ, ಮೊದಲ ಅಕ್ಷರದಿಂದ ಮುದ್ರಕನ ವಿಳಾಸದವರೆಗೆ ಓದುತ್ತೇವೆ, ಓದಿದ್ದನ್ನು ನಂಬುತ್ತೇವೆ, ನಂಬಿದ್ದನ್ನು ಮಾಡುತ್ತೇವೆ. ಹೋಲ್ಗರ್ ಕೂಡ ಅಲ್ಲೇ ನನ್ನ ಪಕ್ಕದ ಬೆಂಚಿನಲ್ಲಿ ಕಲಿತವನು. ಆದರೆ ಅವನು ಕಲಿಯುವುದಕ್ಕಿಂತ ಹೆಚ್ಚಾಗಿ ನನ್ನ ಜಡೆ ನೋಡುತ್ತಿದ್ದ. ಆದ್ದರಿಂದ ಅವನಿಗೆ ಈ ರೋಗ ಹತ್ತಲಿಲ್ಲ.

'ಕಳೆದದ್ದೇನು, ಉಳಿದದ್ದೇನು ಎಂದು ಯಾರಿಗೂ ಹೇಳಬೇಡಿ' ಎಂದು ಕರಪತ್ರದಲ್ಲಿತ್ತು. ಹೇಳಲಿಲ್ಲ. ಎದುರು ಮನೆಯ ಬೋದಿಲ್ ಬೇಲಿಯ ಮೇಲಿಂದ ಬಗ್ಗಿ, "ಪೊಲೀಸ್ ಯಾಕೆ ಬಂದಿದ್ದು? ಏನು ಹೋಯ್ತು?" ಎಂದು ಕೇಳಿದಾಗ, "ಹೇಳೋ ಹಾಗಿಲ್ಲ" ಎಂದೆ. ಬೋದಿಲ್ಲಳೂ ನಾನೂ ಒಬ್ಬರ ಹಲ್ಲುಸೆಟ್ಟು ಇನ್ನೊಬ್ಬರು ನೋಡಿದವರು. ಅವಳ ಮುಖ ಸಣ್ಣದಾಯಿತು.

'ಏಣಿಯನ್ನು ಹೊರಗೆ ಬಿಡಬೇಡಿ' ಎಂದಿತ್ತು. ನಮ್ಮ ಉದ್ದನೆಯ ಏಣಿ ಗ್ಯಾರೇಜಿನ ಹೊರಗೋಡೆಗೆ ಒರಗಿಯೇ ಇರುತ್ತಿತ್ತು, ಬೀದಿಯವರೆಲ್ಲ ಕೇಳದೆ ಒಯ್ದು ಕೇಳದೆ ತಂದಿಡುತ್ತಿದ್ದರು. ಅದನ್ನು ಒಳಗೆ ಎಳೆಸಿದೆ. ಒಳಗೆ ಜಾಗ ಕಡಿಮೆ. ಹಿಂದಿನ ಗೋಡೆಯ ತುಂಬ ಬೀದಿಯ ಕಮಾನು ನಿಂತಿತ್ತು.

ಆ ಕಮಾನಿನ ಚೌಕಟ್ಟು ಹೋಲ್ಗರನ ಕೈಕೆಲಸ. ಎರಡು ಅರ್ಧಗಳು, ನೆತ್ತಿಯಲ್ಲಿ ಕೀಲು. ಬೀದಿಯಲ್ಲಿ ಯಾರದಾದರೂ ಇಪ್ಪತ್ತೈದು ವರ್ಷದ ಬೆಳ್ಳಿ ಮದುವೆಯೋ ಐವತ್ತು ವರ್ಷದ ಚಿನ್ನದ ಮದುವೆಯೋ ಬಂತೆಂದರೆ, ಉಳಿದವರೆಲ್ಲ ಗುಟ್ಟಾಗಿ ಸೇರಿ ಅದಕ್ಕೆ ಫರ್ ಮರದ ಸೊಪ್ಪು ಕಟ್ಟಿ, ಕಾಗದದ ಹೂ ಸಿಕ್ಕಿಸಿ, ಗಂಡಹೆಂಡತಿ ಇನ್ನೂ ಗೊರಕೆ ಹೊಡೆಯುತ್ತಿರುವಾಗಲೇ ಅವರ ಬಾಗಿಲಿಗೆ ನಿಲ್ಲಿಸುತ್ತಾರೆ. ಆಮೇಲೆ ಕಹಳೆ ಊದಿ ಎಬ್ಬಿಸುತ್ತಾರೆ. ರಾತ್ರಿಯುಡುಪಿನಲ್ಲೇ ಬಾಗಿಲು ತೆರೆದ ಆ ಬಡಪಾಯಿಗಳು ಇಡೀ ಬೀದಿಗೆ ತಿಂಡಿ ಕೊಡಬೇಕು. ಸೊಪ್ಪು ಕಟ್ಟುವುದರಲ್ಲಿ ನಾನು ಮುಂದು. ಆದರೆ ನಮ್ಮ ಬಾಗಿಲಿಗೆ ಅದು ಬಂದಿಲ್ಲ. ಅರವತ್ತು ದಾಟಿದ ಮೇಲೆ ಮದುವೆಯಾದವರಿಗೆ ಬೆಳ್ಳಿ ವರ್ಷ ತುಂಬುವ ಹೊತ್ತಿಗೆ ಸೊಪ್ಪು ಬಾಗಿಲಿಗೆ ಬರುವುದಿಲ್ಲ, ಶವಪೆಟ್ಟಿಗೆಯ ಮೇಲೆ ಬರುತ್ತದೆ.

ಬಾಗಿಲಿಗೆ ಬೀಗ ಹಾಕಿದ ಮೇಲೆ ಅಲಾರಂಗಳ ಪುಟಕ್ಕೆ ಬಂದೆ. ಎಲ್ಲವೂ ಅಗ್ಗ, ಎಲ್ಲವೂ ಮನೆಯಲ್ಲೇ ಕೂರಿಸಬಹುದಾದವು. ಮೊದಲು ಗ್ಯಾರೇಜಿನ ಮುಂದೆ ದಪ್ಪ ಜಲ್ಲಿ ಹಾಸಿಸಿದೆ. ಕಾಲಿಟ್ಟರೆ ಕರಕರ ಎನ್ನಬೇಕು. ಆಮೇಲೆ ಯಾರಾದರೂ ಸುಳಿದರೆ ತಾನೇ ಹೊತ್ತಿಕೊಳ್ಳುವ ದೀಪ. ಅದು ಎಷ್ಟು ನಿಷ್ಠೆಯದೆಂದರೆ ಗಾಳಿಗೆ ಎಲೆ ಬಿದ್ದರೂ ಹೊತ್ತಿಕೊಂಡಿತು. ಮೊದಲ ರಾತ್ರಿಯೇ ಬೀದಿಯ ಬೆಕ್ಕುಗಳೆಲ್ಲ ಬಂದು ಆ ಬೆಳಕಿನಲ್ಲಿ ಸಭೆ ಸೇರಿದವು. ಮೂರನೆಯದು ಬಾಗಿಲಿಗೆ ಅಂಟಿಸುವ ಅಯಸ್ಕಾಂತದ ಅಲಾರಂ. ಎರಡು ತುಂಡು, ಬಾಗಿಲು ತೆರೆದು ಒಂದರಿಂದ ಇನ್ನೊಂದು ದೂರವಾದರೆ ಕಿವಿ ಕಿತ್ತುಹೋಗುವಂತೆ ಕಿರುಚುತ್ತದೆ. ಅದು ಕೆಲಸ ಮಾಡುತ್ತದೆಂದು ನಾನು ಖಾತ್ರಿಯಾಗಿ ಹೇಳಬಲ್ಲೆ. ಅದು ಹಿಡಿದ ಮೊದಲ ಕಳ್ಳಿ ನಾನು. ಕಡುಬಿಗೆ ಸೇಬು ತರಲು ಹೋಗಿದ್ದೆ. ಸೇಬಿನ ಬುಟ್ಟಿ ಒಂದು ಕಡೆ, ನಾನೊಂದು ಕಡೆ.

ಹೋಲ್ಗರ್ ಅಡುಗೆಮನೆಯಿಂದ ಬಗ್ಗಿ ನೋಡಿ, "ಏನಾದ್ರೂ ಸದ್ದಾಯ್ತಾ?" ಎಂದ. ಅವನು ಕಿವಿಯ ಯಂತ್ರವನ್ನು ಊಟಕ್ಕೆ ಮತ್ತು ನೆಂಟರಿಗೆ ಮಾತ್ರ ಹಾಕಿಕೊಳ್ಳುತ್ತಾನೆ.

ನಾಲ್ಕನೆಯದು ಖರ್ಚೇ ಇಲ್ಲದ್ದು: ಖಾಲಿ ಮೀನಿನ ಡಬ್ಬಿಗಳನ್ನು ಮೊಣಕಾಲೆತ್ತರಕ್ಕೆ ದಾರದಲ್ಲಿ ಕಟ್ಟಿದೆ. ಇದಕ್ಕಾಗಿ ನಾವಿಬ್ಬರೂ ಒಂದು ವಾರ ಮೂರು ಹೊತ್ತೂ ಹೆರಿಂಗ್ ಮೀನು ತಿಂದೆವು.

ಇಷ್ಟೆಲ್ಲ ಆದ ಮೇಲೆ ಎದುರು ಮನೆಯ ವಿಲ್ಲಿ ಬಂದ. ವಿಲ್ಲಿ ಬೋದಿಲ್ಲಳ ಗಂಡ, ಹಾಲಿನ ಡೇರಿಯಲ್ಲಿ ಜೀವಮಾನ ಕಳೆದವನು, ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಮನುಷ್ಯ.

"ರಾಗ್ನಾ, ಗ್ಯಾರೇಜ್ ಸ್ವಲ್ಪ ತೆಗೀತೀಯಾ? ಉದ್ದದ್ದೊಂದು ಸ್ಕ್ರೂಡ್ರೈವರ್ ಬೇಕಿತ್ತು."

"ನೀನಿಲ್ಲೇ ಇರು. ನಾನು ತರ್ತೀನಿ." ತಂದುಕೊಟ್ಟೆ.

ಮಾರನೆಯ ದಿನ ಮತ್ತೆ ಬಂದ. "ಗರಗಸ ಬೇಕಿತ್ತು. ಯಾವುದು ಅಂತ ನಾನೇ ನೋಡಿ ಆರಿಸ್ಕೊಳ್ತೀನಿ."

"ನಮ್ಮನೇಲಿರೋದು ಒಂದೇ ಗರಗಸ. ಆರಿಸೋದೇನು?" ತಂದುಕೊಟ್ಟೆ.

ಅದರ ಮಾರನೆಯ ದಿನ ಬಂದು, ಜಲ್ಲಿಯ ಅಂಚಿನಲ್ಲಿ ಕಾಲು ಬದಲಾಯಿಸುತ್ತ, "ಸುಮ್ನೆ ನಿಮ್ಮ ಗ್ಯಾರೇಜ್ ನೋಡಿ ಬಹಳ ದಿನ ಆಯ್ತಲ್ಲ ಅಂತ..." ಎಂದ. ಕಿವಿ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತ್ತು.

ಬೇಕೆಂದೇ ನಾನು ಅವನ ಮುಂದೆ ಬಾಗಿಲು ತೆರೆದೆ. ಕಿರುಚಾಟ ಕೇಳಿ ವಿಲ್ಲಿ ಬೇಲಿಯವರೆಗೆ ಹಿಂದಕ್ಕೆ ಹಾರಿದ. "ಇದು ಯಾವಾಗ್ಲೂ ಹೀಗೇ ಕೂಗುತ್ತಾ? ಬೆಳಗಿನ ಜಾವ ಕೂಡಾ?"

"ಬೆಳಗಿನ ಜಾವ ಇನ್ನೂ ಜೋರಾಗಿ," ಎಂದೆ ಹೆಮ್ಮೆಯಿಂದ.

ಪಾಪ, ವಿಲ್ಲಿ ಹಾಗೇ ಹೊರಟುಹೋದ. ಅದಾದ ಮೇಲೆ ಬೋದಿಲ್ ನನ್ನನ್ನು ಕಾಫಿಗೆ ಕರೆದಳು. ಹಿಂದೆಂದೂ ಮಾಡದ ಬಾದಾಮಿ ಕೇಕು ಮಾಡಿದ್ದಳು. ಎರಡನೆಯ ತುಂಡು ಬಡಿಸುತ್ತ, "ಅಲ್ವೇ, ಆ ಅಲಾರಂ ಆಫ್ ಮಾಡೋದು ಹೇಗೆ? ನೀನು ಊರಲ್ಲಿಲ್ದಾಗ ಅದು ಕೂಗಿದ್ರೆ ನಾವೇ ತಾನೆ ಆಫ್ ಮಾಡ್ಬೇಕು," ಎಂದಳು.

ನಾನು ಊರು ಬಿಟ್ಟು ಹೋದದ್ದು ಯಾವ ಕಾಲದಲ್ಲೋ. ಆದರೂ ನನ್ನ ಕೆಲಸವನ್ನು ಯಾರಾದರೂ ಆಸಕ್ತಿಯಿಂದ ಕೇಳಿದರೆ ನಾನು ಕರಗಿಹೋಗುತ್ತೇನೆ. ಜಲ್ಲಿಯ ಯಾವ ಅಂಚಿನಲ್ಲಿ ನಡೆದರೆ ಸದ್ದಾಗುವುದಿಲ್ಲ, ದೀಪದ ಕಣ್ಣಿಗೆ ಏನು ಮುಚ್ಚಬೇಕು, ಅಯಸ್ಕಾಂತದ ಗುಂಡಿ ಎಲ್ಲಿದೆ, ಡಬ್ಬಿಯ ದಾರ ಎಲ್ಲಿ ಬಿಚ್ಚುತ್ತದೆ, ಎಲ್ಲವನ್ನೂ ಕೇಕಿನ ತಟ್ಟೆಯ ಮೇಲೆ ಚಮಚದಿಂದ ಬರೆದು ತೋರಿಸಿದೆ. 'ಇನ್ನೊಂದು ಕೀಲಿಯನ್ನು ಹೂಕುಂಡದ ಕೆಳಗಿಡಬೇಡಿ. ನಂಬಿಕಸ್ಥ ನೆರೆಯವರಿಗೆ ಕೊಡಿ' ಎಂದೂ ಕರಪತ್ರದಲ್ಲಿತ್ತು. ಗ್ಯಾರೇಜಿನ ಕೀಲಿ ತೆಗೆದು ಅವಳ ಕೈಗೆ ಕೊಟ್ಟೆ. ಬೋದಿಲ್ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕೀಲಿ ಕೊಟ್ಟದ್ದಕ್ಕೆ ಯಾರಾದರೂ ತಬ್ಬಿಕೊಳ್ಳುತ್ತಾರೆಯೇ ಎಂದು ಮನೆಗೆ ಬಂದು ಪಾತ್ರೆ ತೊಳೆಯುವಾಗ ಅನ್ನಿಸಿತು. ನನಗೆ ಅನುಮಾನ ಬರುತ್ತದೆ. ಸ್ವಲ್ಪ ತಡವಾಗಿ ಬರುತ್ತದೆ, ಅಷ್ಟೇ.

ಆ ಸಂಜೆ ಅಡುಗೆಮನೆಯ ಪರದೆ ಸರಿಸಿದಾಗ ಕಂಡದ್ದೇನು? ವಿಲ್ಲಿ ನಮ್ಮ ಮುಂಬಾಗಿಲಿನ ಮುಂದೆ ಮಂಡಿಯೂರಿ, ಟೇಪು ಹಿಡಿದು ಬಾಗಿಲಿನ ಅಗಲ ಅಳೆಯುತ್ತಿದ್ದ! ಅಳೆದು, ಬೆರಳು ಮಡಚಿ ಲೆಕ್ಕ ಹಾಕಿ, ತುದಿಗಾಲಲ್ಲಿ ಓಡಿಹೋದ. ಮೊದಲು ಗ್ಯಾರೇಜು, ಈಗ ಮನೆ. ಅಗಲ ಯಾಕೆ ಅಳೆಯಬೇಕು? ನಮ್ಮ ಪಿಯಾನೋ ಹೊರಗೆ ಬರುತ್ತದೋ ಇಲ್ಲವೋ ಎಂದು ನೋಡಲಿಕ್ಕೆ. ಅಲಾರಂಗಳ ಗುಟ್ಟನ್ನೆಲ್ಲ ಅವನ ಹೆಂಡತಿಗೆ ಹೇಳಿಕೊಟ್ಟು, ಮೇಲೆ ಕೀಲಿಯನ್ನೂ ದಾನ ಮಾಡಿ ಬಂದವಳು ನಾನು.

ಸಿಗ್ನೆಗೆ ಫೋನು ಮಾಡಿದೆ.

"ಕಳ್ಳ ಯಾರು ಅಂತ ಗೊತ್ತಾಯ್ತು. ಎದುರು ಮನೆಯ ವಿಲ್ಲಿ."

ಅತ್ತ ಕಡೆಯಿಂದ ಕೆಮ್ಮು ಕೇಳಿಸಿತು. "ಏನು ಮಾಡಿದ್ರು ಅವರು?"

"ಬಾಗಿಲು ಅಳತೆ ಮಾಡಿದ್ರು."

ಮತ್ತೆ ಕೆಮ್ಮು, ಈ ಸಲ ಉದ್ದನೆಯದು. "ರಾಗ್ನಾ, ನೀವು ನೆಮ್ಮದಿಯಾಗಿ ಮಲಗಿ. ಗುರುವಾರ ಬೆಳಗ್ಗೆ ಏನಾದ್ರೂ ಸದ್ದಾದ್ರೂ ಗಾಬರಿ ಆಗ್ಬೇಡಿ."

"ಗುರುವಾರ ಯಾಕೆ?"

"ಗುರುವಾರ ಅಂದ್ನಾ? ಯಾವ ವಾರ ಆದ್ರೂ ಅಂತ..." ಎಂದವಳೇ ಫೋನು ಇಟ್ಟುಬಿಟ್ಟಳು. ಪೊಲೀಸರೂ ಅವರ ಜೊತೆ ಸೇರಿದ್ದಾರೆ ಎಂಬುದರಲ್ಲಿ ನನಗೆ ಇನ್ನು ಅನುಮಾನ ಉಳಿಯಲಿಲ್ಲ.

ಹೋಲ್ಗರನ ಕಿವಿಗೆ ಯಂತ್ರ ಸಿಕ್ಕಿಸಿ ಎಲ್ಲವನ್ನೂ ಹೇಳಿದೆ. ಅವನು ರೈ ಬ್ರೆಡ್ಡಿಗೆ ಬೆಣ್ಣೆ ಹಚ್ಚುವುದನ್ನು ನಿಲ್ಲಿಸಲಿಲ್ಲ.

"ವಿಲ್ಲಿನಾ? ಅವನು ತನ್ನ ಕನ್ನಡಕ ಹಣೆ ಮೇಲಿಟ್ಕೊಂಡು ಮನೆ ತುಂಬಾ ಹುಡುಕ್ತಾನೆ. ಅವನು ಕಳ್ಳನಾದ್ರೆ ಕಳ್ಳರ ಮರ್ಯಾದೆ ಏನಾಗ್ಬೇಕು?"

"ನಾನು ಕಣ್ಣಾರೆ ನೋಡ್ದೆ."

"ಹಾಗಾದ್ರೆ ಇನ್ನು ಇಲ್ಲಿ ಯಾಕೆ ಇರ್ಬೇಕು ಹೇಳು." ಅವನು ಚಾಕು ಕೆಳಗಿಟ್ಟ. "ನೀನು ಈ ಬೀದಿ ಬಿಡಲ್ಲ ಅಂದಿದ್ದೇ ಇವರಿಗೋಸ್ಕರ. ಇವರೇ ಹೀಗಾದ್ರೆ, ಬರ್ತೀವಿ ಅಂತ ಬರೆದುಬಿಡು. ನಾನು ಸಹಿ ಹಾಕ್ತೀನಿ."

ಬ್ರೆಡ್ಡಿನ ಡಬ್ಬಿಯ ಹಿಂದಿನ ಪತ್ರ ನನ್ನನ್ನೇ ನೋಡುತ್ತಿತ್ತು. ಬೇರೆ ಕಾಗದ ತೆಗೆದು 'ಬರುತ್ತೇವೆ' ಎಂದು ಬರೆಯಲು ಕೂತೆ. ಮೊದಲ ಅಕ್ಷರಕ್ಕೇ ಮಸಿ ಚೆಲ್ಲಿತು. ಬಾಲ್‌ಪೆನ್ನಿನಲ್ಲಿ ಮಸಿ ಚೆಲ್ಲಿಸುವುದು ಸುಲಭದ ಕೆಲಸವಲ್ಲ.

"ಗುರುವಾರ ಕಳೀಲಿ. ಕಳ್ಳ ಬಂದ್ರೆ ಬರೀತೀನಿ," ಎಂದೆ.

ಬುಧವಾರ ಬಸ್ಸು ಹತ್ತಿ ಪೇಟೆಗೆ ಹೋಗಿ ಐದನೆಯ ಅಲಾರಂ ತಂದೆ. ಇದನ್ನು ಯಾರಿಗೂ ಹೇಳಲಿಲ್ಲ. ಹೋಲ್ಗರನಿಗೆ ಹೇಳಿದೆ, ಅವನಿಗೆ ಕೇಳಿಸಲಿಲ್ಲ. ಅಂಗೈಯಗಲದ ಪೆಟ್ಟಿಗೆ. ಮುಂದೆ ಯಾರಾದರೂ ಅಲುಗಾಡಿದರೆ ಸಾಕು, ದೊಡ್ಡ ನಾಯಿಯ ಹಾಗೆ ಬೊಗಳುತ್ತದೆ. ಸೂಚನೆಯ ಕಾಗದವನ್ನು ಡೇನಿಷ್, ಸ್ವೀಡಿಷ್, ನಾರ್ವೇಜಿಯನ್ ಮೂರರಲ್ಲೂ ಓದಿದೆ. ನಾಯಿ ಮೂರರಲ್ಲೂ ಒಂದೇ. ಗ್ಯಾರೇಜಿನೊಳಗೆ, ಕಮಾನಿನ ಎದುರಿನ ಕಪಾಟಿನಲ್ಲಿ, ಬಣ್ಣದ ಡಬ್ಬಿಗಳ ನಡುವೆ ಅದನ್ನು ಕೂರಿಸಿದೆ. ಆ ರಾತ್ರಿ ಗಮ್‌ಬೂಟು ಹಾಕಿಕೊಂಡೇ ಮಲಗಿದೆ. ಮಂಚದ ಪಕ್ಕದಲ್ಲಿ ಸೇಬು ಕೀಳುವ ಉದ್ದನೆಯ ಕೋಲು, ತುದಿಯಲ್ಲಿ ಬಟ್ಟೆಯ ಚೀಲದ್ದು.

ಗುರುವಾರ ಇನ್ನೂ ಕತ್ತಲಿರುವಾಗಲೇ ಎಚ್ಚರವಾಯಿತು. ಸದ್ದಿಲ್ಲ. ಜಲ್ಲಿ ಕರಕರ ಎನ್ನಲಿಲ್ಲ, ದೀಪ ಹೊತ್ತಲಿಲ್ಲ, ಅಯಸ್ಕಾಂತ ಕಿರುಚಲಿಲ್ಲ, ಡಬ್ಬಿಗಳು ಅಲುಗಲಿಲ್ಲ. ಕೇಕು ತಿಂದು ನಾನು ಮಾರಿಕೊಂಡ ನಾಲ್ಕೂ ಗುಟ್ಟುಗಳು ನನ್ನ ವಿರುದ್ಧ ಒಟ್ಟಾಗಿ ಸುಮ್ಮನಿದ್ದವು. ಆಮೇಲೆ ಗ್ಯಾರೇಜು ಬೊಗಳಿತು.

ಅಂಥ ಬೊಗಳು ನಮ್ಮ ಬೀದಿ ಹಿಂದೆ ಕೇಳಿರಲಿಲ್ಲ. ತಗಡಿನ ಗೋಡೆಗಳ ನಡುವೆ ಅದು ಕರುವಿನಷ್ಟು ದೊಡ್ಡ ನಾಯಿಯಾಯಿತು. ವಿಲ್ಲಿಯ ಮನೆಯ ಗಿಡ್ಡ ಕಾಲಿನ ನಾಯಿ ಸೆನ್ನೆಪ್ ಜನ್ಮದಲ್ಲಿ ಮೊದಲ ಸಲ ತನಗೊಬ್ಬ ಸಮಾನ ಸಿಕ್ಕನೆಂದು ಉತ್ತರ ಕೊಡತೊಡಗಿತು. ಯಾರೋ "ಅಯ್ಯೋ!" ಎಂದರು. ಡಬ್ಬಿಗಳೆಲ್ಲ ಒಮ್ಮೆಗೇ ಉರುಳಿದವು. ಹೋಲ್ಗರ್ ಮಗ್ಗುಲು ಬದಲಾಯಿಸಿ ಗೊರಕೆ ಮುಂದುವರಿಸಿದ.

ನಾನು ರಾತ್ರಿಯುಡುಪಿನಲ್ಲಿ, ಗಮ್‌ಬೂಟಿನಲ್ಲಿ, ಕೋಲು ಹಿಡಿದು ಹೊರಗೆ ನುಗ್ಗಿದೆ. ಗ್ಯಾರೇಜಿನ ಬಾಗಿಲಿನಿಂದ ಒಂದು ಕಪ್ಪು ಆಕೃತಿ ಹಿಂದುಹಿಂದಕ್ಕೆ ಬರುತ್ತಿತ್ತು. ಬಟ್ಟೆಯ ಚೀಲವನ್ನು ಅದರ ತಲೆಗೆ ಸರಿಯಾಗಿ ಇಳಿಸಿದೆ. ಸೇಬನ್ನು ಕೀಳುವ ಹಾಗೆ ಒಮ್ಮೆ ತಿರುಚಿಯೂ ಬಿಟ್ಟೆ.

"ರಾಗ್ನಾ! ಕುತ್ತಿಗೆ, ಕುತ್ತಿಗೆ!" ಎಂದು ಚೀಲದೊಳಗಿಂದ ವಿಲ್ಲಿಯ ಧ್ವನಿ ಬಂತು.

"ಕಳ್ಳ! ಸಿಕ್ಕಿಬಿದ್ದೆ! ಏನು ಹೊತ್ಕೊಂಡಿದ್ದೀಯ?"

ಆಗ ಬೇಲಿಯ ಹಿಂದಿನಿಂದ ಟಾರ್ಚುಗಳು ಹೊತ್ತಿಕೊಂಡವು. ಬೀದಿಗೆ ಬೀದಿಯೇ ಅಲ್ಲಿ ನಿಂತಿತ್ತು. ಬೋದಿಲ್ಲಳ ತೋಳಿನ ತುಂಬ ಫರ್ ಸೊಪ್ಪು. ಅಂಚೆಯ ಯೊನ್ನಾಳ ಕೈಯಲ್ಲಿ ಕಹಳೆ. ಸಮವಸ್ತ್ರದ ಸಿಗ್ನೆಯ ಕೈಯಲ್ಲಿ ಬಿಸಿ ಬನ್ನುಗಳ ದೊಡ್ಡ ಚೀಲ. ವಿಲ್ಲಿಯ ಹೆಗಲ ಮೇಲಿದ್ದದ್ದು ಕಮಾನಿನ ಒಂದು ಅರ್ಧ.

ನನಗೆ ಎಲ್ಲವೂ ಅರ್ಥವಾಯಿತು. ಅಂದರೆ ಎಲ್ಲವೂ ತಪ್ಪಾಗಿ ಅರ್ಥವಾಯಿತು. ಅಳು ಉಕ್ಕಿಬಂತು.

"ಯಾರ ಮನೆಯಲ್ಲಿ ಮದುವೆ ದಿನ? ನನಗ್ಯಾಕೆ ಯಾರೂ ಹೇಳ್ಲಿಲ್ಲ? ಇಷ್ಟು ವರ್ಷ ಸೊಪ್ಪು ಕಟ್ಟಿದವಳು ನಾನು. ಏನು ಹೋಯ್ತು ಅಂತ ನಾನು ಹೇಳ್ಲಿಲ್ಲ ಅಂತ ನನ್ನನ್ನ ಬಿಟ್ಟುಬಿಟ್ರಾ?"

ಒಳಗೆ ಗ್ಯಾರೇಜು ಒಂದೇ ಸಮನೆ ಬೊಗಳುತ್ತಿತ್ತು.

"ನಿಮ್ಮದೇ ಕಣೇ, ಪೆದ್ದಿ," ಎಂದಳು ಬೋದಿಲ್.

"ನಮಗೆ ಇನ್ನೂ ಹನ್ನೆರಡೇ ವರ್ಷ."

"ಹನ್ನೆರಡೂವರೆ! ತಾಮ್ರದ ಮದುವೆ ಇವತ್ತು. ನಿಮ್ಮ ಮದುವೆ ಆದ ಮೇ ತಿಂಗಳಿಗೆ ಆರು ಕೂಡಿಸು."

ನಾನು ಬೆರಳು ಮಡಚಿದೆ. ಸರಿಯಾಗಿತ್ತು. ಬೆಳ್ಳಿಯ ಅರ್ಧ ತಾಮ್ರ, ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಆದರೆ ಸಂಜೆ ಶಾಲೆಯಲ್ಲಿ ಭಿನ್ನರಾಶಿಯ ಪಾಠ ನಡೆದ ದಿನ ನಾನು ಇರಲಿಲ್ಲ. ಹೋಲ್ಗರನೂ ಇರಲಿಲ್ಲ. ನಾವಿಬ್ಬರೂ ಬಂದರಿನಲ್ಲಿ ಕೂತು ಐಸ್‌ಕ್ರೀಂ ತಿನ್ನುತ್ತಿದ್ದೆವು. ಹನ್ನೆರಡೂವರೆಗೆ ಕಾರಣವಾದದ್ದೂ ಅದೇ ಸಂಜೆ, ಅದನ್ನು ಲೆಕ್ಕ ಹಾಕಲು ಬಾರದಂತೆ ಮಾಡಿದ್ದೂ ಅದೇ ಸಂಜೆ.

"ಹೊಸ ಚೌಕಟ್ಟು ಮಾಡೋಣ ಅಂತ ನಾನು ಬಡ್ಕೊಂಡೆ," ಎಂದಳು ಬೋದಿಲ್. "ಇವರು ಕೇಳ್ಲಿಲ್ಲ. ಹೋಲ್ಗರ್ ಮಾಡಿದ್ದೇ ಹೋಲ್ಗರನ ಬಾಗಿಲಿಗೆ ಬರ್ಬೇಕಂತೆ."

ವಿಲ್ಲಿ ಚೀಲದೊಳಗಿಂದಲೇ ತಲೆಯಾಡಿಸಿದ.

ನಾನು ಕಣ್ಣೊರೆಸಿಕೊಂಡೆ. ಬೀದಿಯಲ್ಲಿ ಒಂದು ಕ್ರಮ ಇದೆ. ಕಮಾನು ನಿಲ್ಲುವಾಗ ಮನೆಯವರು ಮಲಗಿರಬೇಕು. "ನಾನೇನೂ ನೋಡಿಲ್ಲ," ಎಂದೆ. "ಒಳಗೆ ಹೋಗಿ ಮಲಗ್ತೀನಿ. ನೀವು ಸರಿಯಾಗಿ ಮೊದಲಿಂದ ಮಾಡಿ. ಸೊಪ್ಪನ್ನ ಕೆಳಗಿಂದ ಮೇಲಕ್ಕೆ ಕಟ್ಟಿ, ಬೋದಿಲ್, ಹೋದ ಸಲ ನೀನು ತಲೆಕೆಳಗಾಗಿ ಕಟ್ಟಿದ್ದೆ."

ಗಮ್‌ಬೂಟಿನ ಸಮೇತ ಹೊದಿಕೆಯೊಳಗೆ ಸೇರಿ ಕಣ್ಣು ಮುಚ್ಚಿದೆ. ಗೊತ್ತಿಲ್ಲದವಳ ಹಾಗೆ ಮಲಗಿರುವುದು ಬಹಳ ಕಷ್ಟ. ಹೊರಗೆ ಪಿಸುಮಾತು, ಸುತ್ತಿಗೆಯ ಪೆಟ್ಟು, ಮತ್ತೆ ಬೊಗಳು. "ಈ ನಾಯೀನ ಆಫ್ ಮಾಡೋದು ಹೇಗೆ?" ಎಂದು ವಿಲ್ಲಿ ಪಿಸುಗುಟ್ಟಿದ್ದು ಇಡೀ ಬೀದಿಗೆ ಕೇಳಿಸಿತು. ತಡೆಯಲಾರದೆ ಕಿಟಕಿ ತೆರೆದು, "ಬೆನ್ನ ಹಿಂದೆ ಗುಂಡಿ! ಎಡಕ್ಕೆ ಒತ್ತು! ನಾನು ನಿದ್ದೇಲಿದ್ದೀನಿ!" ಎಂದು ಕೂಗಿ ಮತ್ತೆ ಮಲಗಿದೆ.

ಕಹಳೆ ಮೊಳಗಿತು. ಹಾಡು ಶುರುವಾಯಿತು. ಹೋಲ್ಗರ್ ಕಣ್ಣು ಬಿಟ್ಟ. ಕಹಳೆ ಅವನ ಕಿವಿಗೂ ಮುಟ್ಟುತ್ತದೆ.

"ಕಳ್ಳರಾ?"

"ಹೌದು. ಎದ್ದು ಬಾಗಿಲು ತೆಗಿ."

ಬಾಗಿಲು ತೆರೆದರೆ ಎಡಗಡೆಗೆ ಮಾತ್ರ ಹಸಿರು ಕಮಾನು, ನೆತ್ತಿಯವರೆಗೆ ಬಂದು ಗಾಳಿಯಲ್ಲಿ ನಿಂತಿತ್ತು. ಬೆಳ್ಳಿಗಾದರೆ ಪೂರ್ತಿ, ತಾಮ್ರಕ್ಕೆ ಅರ್ಧ. ಹೋಲ್ಗರ್ ಪೈಜಾಮದಲ್ಲಿ ನಿಂತು ತನ್ನ ಕೈಕೆಲಸವನ್ನು ಕೆಳಗಿನಿಂದ ಮೇಲೆ ನೋಡಿ, ಕೀಲಿನ ಹತ್ತಿರ ಒಮ್ಮೆ ಮುಟ್ಟಿ, "ಇದು ನಮ್ಮ ಗ್ಯಾರೇಜಿನಲ್ಲಿತ್ತಲ್ಲ," ಎಂದ.

"ಕದ್ವಿ," ಎಂದ ವಿಲ್ಲಿ ಕುತ್ತಿಗೆ ಉ‌ಜ್ಜಿಕೊಳ್ಳುತ್ತ. "ಅರ್ಧ ಮಾತ್ರ."

ಎಲ್ಲರೂ ಒಳಗೆ ಬಂದರು. ಕಾಫಿ, ಬನ್ನು, ಚೀಸು, ಕಹಿ ಮದ್ಯದ ಪುಟ್ಟ ಲೋಟಗಳು. ಹೋಲ್ಗರ್ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಎಲ್ಲರ ನಗುವನ್ನೂ ಸ್ವಲ್ಪ ತಡವಾಗಿ ನಕ್ಕ. ಆಮೇಲೆ ಗಂಭೀರನಾದ. "ನಗೋದಿರಲಿ. ಆದ್ರೆ ನಾನು ಮಾತು ಕೊಟ್ಟಿದ್ದೀನಿ. ಇನ್ನೊಂದು ಸಲ ಕಳ್ಳ ಬಂದ್ರೆ ಫ್ಲ್ಯಾಟಿಗೆ ಹೋಗ್ತೀವಿ ಅಂತ. ಕಳ್ಳ ಬಂದಾಯ್ತು, ಒಬ್ಬನಲ್ಲ, ಇಡೀ ಬೀದಿ."

ಲೋಟಗಳು ಮೇಜಿಗೆ ಇಳಿದವು. ಹೋಲ್ಗರ್ ಮಾತು ಕೊಟ್ಟರೆ ತಪ್ಪುವವನಲ್ಲ. ಅವನ ಗುಣಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದು. ಅವತ್ತಿನವರೆಗೆ.

"ಯಾವ ಫ್ಲ್ಯಾಟು?" ಎಂದಳು ಬೋದಿಲ್. ಅವಳ ಮುಖ ಬೇಲಿಯ ಮೇಲೆ ಸಣ್ಣದಾಗಿತ್ತಲ್ಲ, ಅದಕ್ಕಿಂತಲೂ ಸಣ್ಣದಾಯಿತು.

"ಇನ್ನೊಂದು ಸಲ ಅಂದ್ರೆ?" ಎಂದ ವಿಲ್ಲಿ. "ಮೊದಲನೇ ಸಲ ಏನು ಹೋಗಿತ್ತು?"

ನಾನು ಸಿಗ್ನೆಯತ್ತ ನೋಡಿದೆ. "ಹೇಳಬಹುದಾ?"

"ಹೇಳಿ ರಾಗ್ನಾ, ದಯವಿಟ್ಟು ಹೇಳಿ."

"ದೋಣಿ ಮೋಟಾರು," ಎಂದೆ.

"ಯಾವುದು, ನಾವು ಬಂದರಿನಲ್ಲಿ ರಿಪೇರಿಗೆ ಕೊಟ್ವಲ್ಲ, ಅದಾ?" ಎಂದ ವಿಲ್ಲಿ.

ವಿಲ್ಲಿ ಹೋಲ್ಗರನ ಕಡೆ ತಿರುಗಿದ. "ಆಗಸ್ಟಿನಲ್ಲಿ, ದೋಣಿ ಪಂದ್ಯದ ದಿನ. ನನ್ನ ಕಾರಿನಲ್ಲೇ ಹಾಕ್ಕೊಂಡು ಹೋದ್ವಿ. ವಾಪಸ್ ಬರ್ತಾ ಬಿಯರ್ ಕುಡಿದ್ವಿ. ನೀನು ಹಾಡು ಹೇಳ್ದೆ."

"ಹಾಡು ನೆನಪಿದೆ," ಎಂದ ಹೋಲ್ಗರ್ ಮೆಲ್ಲಗೆ.

ಸಿಗ್ನೆ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಳು. "ಕಳ್ಳತನ ಅಂತ ದೂರು ಬರೆದಿದ್ದೀನಿ ನಾನು. ಬಣ್ಣ, ಗಾತ್ರ, ಎಲ್ಲಾ ಬರೆದಿದ್ದೀನಿ."

ಮೊದಲ ದಿನವೇ ಬೋದಿಲ್ಲಳಿಗೆ ಒಂದು ಮಾತು ಹೇಳಿದ್ದರೆ ಜಲ್ಲಿ, ದೀಪ, ಅಯಸ್ಕಾಂತ, ಒಂದು ವಾರದ ಹೆರಿಂಗ್, ಕರುವಿನಷ್ಟು ದೊಡ್ಡ ನಾಯಿ ಯಾವುದೂ ಬೇಕಿರಲಿಲ್ಲ. ಅಚ್ಚಾದದ್ದನ್ನು ನಂಬಿದ್ದರ ಫಲ.

ಹೋಲ್ಗರ್ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ತೋರುಬೆರಳೆತ್ತಿದ. "ಇನ್ನೊಂದು ಸಲ ಅಂದಿದ್ದೆ. ಮೊದಲನೇ ಸಲ ಕಳ್ಳ ಬಂದೇ ಇಲ್ಲ. ಅಂದ್ರೆ ಇವತ್ತಿನದೇ ಮೊದಲನೇದು. ನನ್ನ ಮಾತು ಇನ್ನೂ ಹಾಗೇ ಇದೆ."

ಸಂಜೆ ಶಾಲೆಯ ಲೆಕ್ಕದಲ್ಲಿ ಅವನಿಗೆ ಅಂಕ ಬಂದದ್ದು ನನ್ನ ಪುಸ್ತಕ ನೋಡಿ ಬರೆದಾಗ ಮಾತ್ರ. ಆದರೆ ಅವತ್ತು ಅವನು ಹಾಕಿದ ಲೆಕ್ಕಕ್ಕೆ ಯಾವ ಮೇಷ್ಟರೂ ತಪ್ಪು ಹಾಕಲಾರರು. ಅವನು ಎದ್ದು, ತೆರೆದ ಬಾಗಿಲಲ್ಲಿ ಕಾಣುತ್ತಿದ್ದ ಅರ್ಧ ಕಮಾನನ್ನು ನೋಡಿದ.

"ಅದೂ ಅಲ್ದೆ, ಉಳಿದರ್ಧ ಎಲ್ಲಿ ನಿಲ್ಲಿಸ್ತೀರಿ? ನಾಲ್ಕನೇ ಮಹಡೀಲಾ? ಲಿಫ್ಟಿಗಾ?" ಎಂದವನೇ ಅಡುಗೆಮನೆಗೆ ಹೋಗಿ ಬ್ರೆಡ್ಡಿನ ಡಬ್ಬಿ ಸರಿಸಿದ. 'ಬರುವುದಿಲ್ಲ' ಎಂದು ನಾನು ಬರೆದಿದ್ದ ಪತ್ರ ತಂದು, ಬನ್ನಿನ ಚೂರುಗಳನ್ನು ಊದಿ, ಮೇಜಿನ ಮೇಲಿಟ್ಟ. "ಯಾರ ಹತ್ರ ಪೆನ್ ಇದೆ?"

ಪೆನ್ನು ಇದ್ದದ್ದು ಸಿಗ್ನೆಯ ಹತ್ತಿರ ಮಾತ್ರ. ಕಳ್ಳತನದ ದೂರು ಬರೆದ ಪೆನ್ನಿನಲ್ಲೇ ಹೋಲ್ಗರ್ ನನ್ನ ಸಹಿಯ ಕೆಳಗೆ ತನ್ನ ಸಹಿ ಹಾಕಿದ. ನಾನು ಲಕೋಟೆ ಅಂಟಿಸಿದೆ. ಅಂಟು ಒಣಗಿಹೋಗಿತ್ತು, ಬೋದಿಲ್ ಬನ್ನಿನ ಮೇಲಿದ್ದ ಜೇನು ಸವರಿದಳು.

ಯೊನ್ನಾಳ ಅಂಚೆಯ ಸರದಿ ಶುರುವಾಗುವ ಹೊತ್ತಾಗಿತ್ತು. ಅವಳು ಕಹಳೆಯನ್ನು ಹೆಗಲಿಗೆ ಹಾಕಿಕೊಂಡು, ಪತ್ರವನ್ನು ಸೈಕಲ್ಲಿನ ಕೆಂಪು ಚೀಲದಲ್ಲಿ ಉಳಿದವುಗಳಿಗೆ ಅಂಟದ ಹಾಗೆ ಬೇರೆಯಾಗಿಟ್ಟು, ಗ್ಯಾರೇಜಿನ ಮುಂದೆ ಹಾದು ಬೀದಿಗೆ ಇಳಿದಳು. ವಿಲ್ಲಿ ಗುಂಡಿಯನ್ನು ಬಲಕ್ಕೆ ಒತ್ತಿದ್ದನೆಂದು ಕಾಣುತ್ತದೆ. ಜಲ್ಲಿ ಕರಕರ ಎಂದಿತು, ದೀಪ ಹೊತ್ತಿಕೊಂಡಿತು, ಒಳಗಿನ ನಾಯಿ ಅವಳ ಬೆನ್ನಿಗೆ ಜೋರಾಗಿ ಬೊಗಳಿತು. ಈ ಸಲ ಯಾರೂ ಎದ್ದು ನೋಡಲಿಲ್ಲ. ಪತ್ರ ಹೋಯಿತು.